ಅಡ್ಡಗಾಳಿಯಲ್ಲಿ ಏರುವುದೂ ಇಳಿಯುವುದೂ

ವಿಮಾನವು ಗಾಳಿಯನ್ನೇ ಆಶ್ರಯಿಸಿ ನಡೆಯುವ ವಾಹನವಾದರೂ, ಅದನ್ನು ನಡೆಸಲು ಕಲಿಯುವವರು ಮೊದಮೊದಲು ಅಂಜುವುದು ಗಾಳಿಗೇ. ವಿದ್ಯಾರ್ಥಿಯು ಮೊತ್ತಮೊದಲು ಒಂಟಿಯಾಗಿ ಹಾರುವ ದಿನವನ್ನು ಶಿಕ್ಷಕರು ಸಾಮಾನ್ಯವಾಗಿ ಗಾಳಿ ತಂಗಿರುವ ಬೆಳಗಿನ ಹೊತ್ತಿನಲ್ಲೇ ಆರಿಸುತ್ತಾರೆ. ಅದು ಯುಕ್ತವೂ ಹೌದು. ನಮ್ಮ ದೇಶದಲ್ಲಿ 17 ವರ್ಷ ತುಂಬಿದವರು ಕನಿಷ್ಠ 40 ಗಂಟೆಗಳ ಹಾರಾಟವನ್ನು ಪೂರೈಸಿ, ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ ಖಾಸಗಿ ಪೈಲಟ್ ಪರವಾನಗಿಯನ್ನು ಪಡೆಯಬಹುದಷ್ಟೆ. ಆದರೆ ಆ ಗಂಟೆಗಳ ಬಹುಭಾಗವು ಶಾಂತವಾದ ಗಾಳಿಯಲ್ಲಿಯೇ ಕಳೆದುಹೋಗಿದ್ದರೆ, ಪರವಾನಗಿಯು ಕೈಗೆ ಬಂದ ಮೇಲೂ ಚಾಲಕನ ಕೌಶಲವು ಶಾಂತ ದಿನಗಳಿಗಷ್ಟೇ ಸೀಮಿತವಾಗಿ ಉಳಿಯುತ್ತದೆ. ಹೊರಡುವಾಗ ನಿಶ್ಚಲವಾಗಿದ್ದ ಗಾಳಿ ಮರಳುವ ವೇಳೆಗೆ ಎದ್ದು ಬೀಸತೊಡಗುವುದು ಅಪರೂಪವೇನಲ್ಲ. ಆದುದರಿಂದ ಗಾಳಿಯ ದಿನದಲ್ಲಿ ಏರುವ, ಇಳಿಯುವ ಅಭ್ಯಾಸವು ಹವ್ಯಾಸಿ ವೈಮಾನಿಕನಿಗೆ ಅಲಂಕಾರದ ವಿದ್ಯೆಯಲ್ಲ, ಅವಶ್ಯವಾದ ವಿದ್ಯೆ.

ಗಾಳಿಯು ಉಪಕಾರವನ್ನೂ ಅಪಕಾರವನ್ನೂ ಒಂದೇ ಹೊತ್ತಿನಲ್ಲಿ ಮಾಡಬಲ್ಲುದೆಂಬುದು ವಿಮಾನಯಾನದ ಮೊದಲ ದಿನವೇ ಸಿದ್ಧವಾದ ಸಂಗತಿ. 1903ರ ಡಿಸೆಂಬರ್ 17ರಂದು ಅಮೆರಿಕದ ಉತ್ತರ ಕೆರೊಲಿನಾದ ಕಡಲತಡಿಯಲ್ಲಿ, ಕಿಟಿ ಹಾಕ್ ಎಂಬ ಹಳ್ಳಿಯ ಬಳಿ, ರೈಟ್ ಸೋದರರು ಗಂಟೆಗೆ ಇಪ್ಪತ್ತು ಮೈಲಿಗೂ ಮಿಗಿಲಾಗಿ ಬೀಸುತ್ತಿದ್ದ ಗಾಳಿಗೆ ಮುಖಮಾಡಿ ತಮ್ಮ ಯಂತ್ರವನ್ನು ಓಡಿಸಿದರು. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನಾಲ್ಕನೆಯದು 59 ಸೆಕೆಂಡು, 852 ಅಡಿ. ಅವರ ದುರ್ಬಲವಾದ ಎಂಜಿನ್ನಿಗೆ ಎದುರುಗಾಳಿಯ ನೆರವು ದೊಡ್ಡದಾಗಿತ್ತು. ಆದರೆ ನಾಲ್ಕನೆಯ ಹಾರಾಟವು ಮುಗಿದು ಯಂತ್ರವು ನೆಲದ ಮೇಲೆ ನಿಂತಿದ್ದಾಗ ಅದೇ ಗಾಳಿಯ ಒಂದು ಹೊಡೆತಕ್ಕೆ ಅದು ಮಗುಚಿ ಮುರಿಯಿತು. ಆಮೇಲೆ ಅದು ಹಾರಲೇ ಇಲ್ಲ. ಗಾಳಿಯ ವಿಷಯದಲ್ಲಿ ಹಾರಾಟವು ಚಕ್ರ ಮಿಸುಕಿದ ಕ್ಷಣದಿಂದ ಮೊದಲಾಗಿ ವಿಮಾನವನ್ನು ಹಗ್ಗದಿಂದ ಬಿಗಿದು ಕಟ್ಟುವ ತನಕ ನಡೆಯುತ್ತದೆ ಎಂಬುದನ್ನು ಅಭ್ಯಾಸಿಯು ಮೊದಲಿಗೇ ಮನಗಾಣತಕ್ಕದ್ದು.

ಆ ಕಾಲದ ವಿಮಾನನಿಲ್ದಾಣವೆಂದರೆ ವಿಶಾಲವಾದ ಹುಲ್ಲುಬಯಲು; ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಮುಖಮಾಡಿಯೇ ಏರಬಹುದಿತ್ತು, ಇಳಿಯಬಹುದಿತ್ತು. ವಿಮಾನಗಳು ಭಾರವಾಗಿ, ಅವುಗಳಿಗಾಗಿ ನೆಲದ ಮೇಲೆ ಗಟ್ಟಿಯಾದ ರನ್‌ವೇಗಳು ಬಂದ ಮೇಲೆ ದಿಕ್ಕು ಸ್ಥಿರವಾಯಿತು, ಗಾಳಿಯಾದರೋ ಸ್ಥಿರವಾಗಲಿಲ್ಲ. ಇವೆರಡರ ನಡುವಿನ ಕೋನವೇ ಅಡ್ಡಗಾಳಿಯ ಸಮಸ್ಯೆ.

ಗಾಳಿಯನ್ನು ಅಳೆಯುವ ಬಗೆ

ಗಾಳಿಯ ದಿಕ್ಕನ್ನು ಅದು ಬೀಸಿಬರುವ ಕಡೆಯಿಂದ ಹೇಳುತ್ತಾರೆ. 270 ಡಿಗ್ರಿ ಎಂದರೆ ಪಡುವಣಗಾಳಿ. ರನ್‌ವೇಯ ಸಂಖ್ಯೆಯು ಅದರ ಕಾಂತೀಯ ದಿಕ್ಕಿನ ಹತ್ತನೆಯ ಒಂದು ಭಾಗ. ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣದ ರನ್‌ವೇ 08 ಮತ್ತು 26 ಎಂದು ಕರೆಯಿಸಿಕೊಳ್ಳುವುದು ಅದು ಹೆಚ್ಚುಕಡಮೆ ಪೂರ್ವಪಶ್ಚಿಮವಾಗಿ ಹಾಸಿರುವುದರಿಂದ. ಹವಾಮಾನ ವರದಿಯಾದ ಮೆಟಾರ್‌ನಲ್ಲಿ ಗಾಳಿಯ ದಿಕ್ಕನ್ನು ಭೌಗೋಳಿಕ ಉತ್ತರದಿಂದಲೂ, ಕಂಟ್ರೋಲ್ ಟವರಿನವರು ರೇಡಿಯೋದಲ್ಲಿ ಹೇಳುವಾಗ ಕಾಂತೀಯ ಉತ್ತರದಿಂದಲೂ ಎಣಿಸುತ್ತಾರೆ. ದಕ್ಷಿಣ ಭಾರತದಲ್ಲಿ ಇವೆರಡರ ಅಂತರ ಅತ್ಯಲ್ಪವಾದುದರಿಂದ ಲೆಕ್ಕವು ಕೆಡುವುದಿಲ್ಲ.

ಬರುವ ಗಾಳಿಯಲ್ಲಿ ಎಷ್ಟು ಪಾಲು ರನ್‌ವೇಗೆ ಅಡ್ಡವಾಗಿದೆಯೆಂಬುದನ್ನು ಕಂಡುಕೊಳ್ಳಲು ಕೋಷ್ಟಕವನ್ನು ಹುಡುಕಬೇಕಾಗಿಲ್ಲ. ಗಾಳಿಗೂ ರನ್‌ವೇಗೂ ನಡುವಣ ಕೋನವು 15 ಡಿಗ್ರಿಯಾದರೆ ಗಾಳಿಯ ವೇಗದ ಕಾಲುಪಾಲು, 30 ಆದರೆ ಅರ್ಧ, 45 ಆದರೆ ಮುಕ್ಕಾಲು, 60 ಮತ್ತು ಅದಕ್ಕೆ ಮೇಲ್ಪಟ್ಟರೆ ಪೂರ್ತಿ ಎಂದು ಎಣಿಸಿದರೆ ಸಾಕು. ಕಾಕ್‌ಪಿಟ್ಟಿನಲ್ಲಿ ಕುಳಿತವನ ಅಗತ್ಯಕ್ಕೆ ಈ ಲೆಕ್ಕವೇ ಧಾರಾಳ. ರನ್‌ವೇ 26ರಲ್ಲಿ ಇಳಿಯುತ್ತಿರುವಾಗ 240 ಡಿಗ್ರಿಯಿಂದ 16 ನಾಟ್ ಗಾಳಿ, ನಡುನಡುವೆ 26 ನಾಟ್ ತನಕ ಹೊಡೆತ ಎಂಬ ವರದಿ ಬಂದಿತೆನ್ನೋಣ. ಕೋನ 20 ಡಿಗ್ರಿ; ಆದುದರಿಂದ ಮೂರನೆಯ ಒಂದು ಪಾಲು ಅಡ್ಡಗಾಳಿ. ಸಾಮಾನ್ಯ ಗಾಳಿಗೆ ಅದು ಐದಾರು ನಾಟ್, ಹೊಡೆತ ಬಂದಾಗ ಒಂಬತ್ತು ನಾಟ್. ಕೇಳಿದೊಡನೆ ಭಯಂಕರವೆನಿಸುವ ಈ ಗಾಳಿ ಅಡ್ಡಗಾಳಿಯ ಲೆಕ್ಕದಲ್ಲಿ ಸಾಧಾರಣವಾದದ್ದೇ. ಇದಕ್ಕೆ ವ್ಯತಿರಿಕ್ತವಾಗಿ, ಗುಡುಗುಮಳೆಯ ಮುಂಚೂಣಿಯಲ್ಲಿ 350 ಡಿಗ್ರಿಯಿಂದ ಬರುವ 16 ನಾಟ್ ಗಾಳಿಯು ಪೂರ್ತಿಯಾಗಿ ಅಡ್ಡಗಾಳಿಯೇ. ಹೊಡೆತವಿರುವ ದಿನ ಲೆಕ್ಕವನ್ನು ಯಾವಾಗಲೂ ಹೊಡೆತದ ವೇಗದಿಂದಲೇ ಮಾಡತಕ್ಕದ್ದು.

ಹಾಗಾದರೆ ಎಷ್ಟು ನಾಟ್ ಸಹ್ಯ? ತರಬೇತಿಯಲ್ಲಿ ಸರ್ವಸಾಮಾನ್ಯವಾದ ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್, ಸೆಸ್ನಾ 152ರದರಲ್ಲಿ 12 ನಾಟ್ ಎಂಬ ಅಂಕಿ ಕಾಣುತ್ತದೆ. ಇದು ವಿಮಾನವನ್ನು ಪರೀಕ್ಷಿಸಿದಾಗ ಇಳಿಸಿ ತೋರಿಸಿದ ಅಡ್ಡಗಾಳಿಯ ಪ್ರಮಾಣವೇ ಹೊರತು ಕಾನೂನಿನ ಗೆರೆಯಲ್ಲ. ಆದರೆ ಇಳಿಸಿ ತೋರಿಸಿದವನು ನುರಿತ ಪರೀಕ್ಷಾ ಪೈಲಟ್ ಎಂಬುದನ್ನು ಮರೆಯಲಾಗದು. ವಿಮಾನದ ಮಿತಿ ಬೇರೆ, ಚಾಲಕನ ಮಿತಿ ಬೇರೆ. ಹೊಸಬನು ತನ್ನ ಮಿತಿಯನ್ನು ಐದಾರು ನಾಟ್ ಎಂದು ಗೊತ್ತುಮಾಡಿಕೊಂಡು, ಅಭ್ಯಾಸವು ಬಲಿತಂತೆ ಶಿಕ್ಷಕರ ಸಮ್ಮತಿಯಿಂದ ಮೇಲೇರಿಸುತ್ತ ಹೋಗುವುದು ಕ್ಷೇಮಕರ. ಈ ಮಿತಿಯನ್ನು ಮನೆಯಲ್ಲಿ, ಸಮಾಧಾನದ ಹೊತ್ತಿನಲ್ಲಿ, ಕಾಗದದ ಮೇಲೆ ಬರೆದಿಡಬೇಕು. ಎಂಜಿನ್ ಓಡುತ್ತಿರುವಾಗ, ಜೊತೆಗೆ ಬಂದ ಮಿತ್ರರು ಹಿಂದಿನ ಆಸನದಲ್ಲಿ ಕಾದಿರುವಾಗ ಮಾಡುವ ನಿರ್ಣಯದಲ್ಲಿ ಉತ್ಸಾಹದ ಪಾಲೇ ಹೆಚ್ಚು.

ಇಳಿಯುವ ಮುನ್ನ ಕೊನೆಯ ಸಾಕ್ಷಿ ಗಾಳಿಚೀಲ. ವರದಿಯು ಅರ್ಧಗಂಟೆ ಹಳೆಯದಾಗಿರಬಹುದು. ಗಾಳಿಚೀಲವು ಈ ಕ್ಷಣದ್ದು. ಬಹುತೇಕ ನಿಲ್ದಾಣಗಳ ಚೀಲವು ಸುಮಾರು 15 ನಾಟ್ ಗಾಳಿಗೆ ನೇರವಾಗಿ ಚಾಚಿಕೊಳ್ಳುತ್ತದೆ. ಅದು ಅರ್ಧ ಬಾಗಿ ಅಲುಗದೆ ನಿಂತಿದ್ದರೆ ಗಾಳಿ ಸಮ, ಏಳುತ್ತ ಬೀಳುತ್ತ ಅತ್ತಿತ್ತ ಹೊರಳುತ್ತಿದ್ದರೆ ಗಾಳಿ ವಿಷಮ. ಚಾಲಕನಿಗೆ ಕಷ್ಟ ಕೊಡುವುದು ವೇಗಕ್ಕಿಂತಲೂ ಈ ವೈಷಮ್ಯ.

ಋತು, ಹೊತ್ತು, ಸ್ಥಳ

ಕರ್ನಾಟಕದಲ್ಲಿ ಹಾರುವವರಿಗೆ ಗಾಳಿಯ ಪಂಚಾಂಗವು ಬಹುಮಟ್ಟಿಗೆ ಸ್ಪಷ್ಟವಾಗಿಯೇ ಇದೆ. ಜೂನಿನಿಂದ ಸೆಪ್ಟೆಂಬರಿನ ತನಕ ನೈಋತ್ಯ ಮಾರುತದ ಪಡುವಣಗಾಳಿ. ಅದರಲ್ಲಿಯೂ ಆಷಾಢದಲ್ಲಿ ಅದು ಹಗಲೆಲ್ಲ ಬಿಡುವಿಲ್ಲದೆ ಬೀಸುತ್ತದೆ. ಜಕ್ಕೂರು, ಮೈಸೂರಿನ ಮಂಡಕಳ್ಳಿ, ತರಬೇತಿ ಶಾಲೆಗಳು ಈಚೆಗೆ ನೆಲೆಯೂರಿರುವ ಬೆಳಗಾವಿ ಮತ್ತು ಕಲಬುರಗಿ, ಇವುಗಳ ರನ್‌ವೇಗಳು ಹೆಚ್ಚುಕಡಮೆ ಪೂರ್ವಪಶ್ಚಿಮವಾಗಿಯೇ ಇರುವುದರಿಂದ ಮಳೆಗಾಲದ ಬಲವಾದ ಗಾಳಿಯು ಬಹುಪಾಲು ಎದುರುಗಾಳಿಯಾಗಿಯೇ ಒದಗುತ್ತದೆ. ಚಳಿಗಾಲದ ಮೂಡಣಗಾಳಿಯು ಮೃದು. ಮಾರ್ಚಿಯಿಂದ ಮೇ ತನಕ ಮಾತ್ರ ಎಚ್ಚರವು ಬೇರೆ ಬಗೆಯದಾಗಬೇಕು: ಮಧ್ಯಾಹ್ನದ ಮೇಲೆ ಏಳುವ ಗುಡುಗುಮೋಡದಿಂದ ಕೆಳಕ್ಕೆ ಸುರಿಯುವ ತಣ್ಣನೆಯ ಗಾಳಿಯು, ಮಳೆಯು ಇನ್ನೂ ಮೈಲಿಗಳಾಚೆ ಇರುವಾಗಲೇ ನಿಲ್ದಾಣವನ್ನು ಮುಟ್ಟಿ, ನಿಮಿಷಗಳೊಳಗೆ ದಿಕ್ಕನ್ನೂ ವೇಗವನ್ನೂ ತಲೆಕೆಳಗು ಮಾಡಬಲ್ಲುದು. ಇದು ಅಭ್ಯಾಸಕ್ಕೆ ತಕ್ಕ ಗಾಳಿಯಲ್ಲ. ದಿಗಂತದಲ್ಲಿ ಮೋಡ ಕಪ್ಪಿಟ್ಟಿತೆಂದರೆ ವಿಮಾನವನ್ನು ಹ್ಯಾಂಗರಿಗೆ ಸೇರಿಸುವುದೇ ವಿವೇಕ.

ಹೊತ್ತಿನ ವಿಚಾರವೂ ಮುಖ್ಯವೇ. ರಾತ್ರಿ ತಣಿದ ನೆಲದ ಮೇಲೆ ಬೆಳಗಿನ ಗಾಳಿಯು ನಿದ್ರಿಸಿರುತ್ತದೆ. ಬಿಸಿಲು ಏರಿದಂತೆ ನೆಲದ ಬಿಸಿಗಾಳಿ ಮೇಲೆದ್ದು ಎತ್ತರದ ವೇಗವಾದ ಗಾಳಿಯನ್ನು ಕೆಳಕ್ಕೆಳೆಯುತ್ತದೆ. ಸಂಜೆ ಮತ್ತೆ ತಗ್ಗುತ್ತದೆ. ಆದುದರಿಂದ ಒಂದೇ ದಿನದಲ್ಲಿ ಗಾಳಿಯ ಮೂರು ನಾಲ್ಕು ತರಗತಿಗಳು ದೊರೆಯುತ್ತವೆ; ಹೊಸಬನು ಹತ್ತು ಗಂಟೆಯ ಗಾಳಿಯಲ್ಲಿ ಆರಂಭಿಸಿ, ಬಲ್ಲವನಾದ ಮೇಲೆ ಎರಡು ಗಂಟೆಯ ಗಾಳಿಗೆ ಹೋಗಬಹುದು. ಬಿಸಿಲಿನ ಇನ್ನೊಂದು ಪರಿಣಾಮವನ್ನೂ ಗಮನಿಸಬೇಕು. ಬೆಂಗಳೂರಿನ ನೆಲವೇ ಸಮುದ್ರಮಟ್ಟಕ್ಕೆ ಸುಮಾರು 3000 ಅಡಿ ಮೇಲಿದೆ. 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಲ್ಲಿನ ಗಾಳಿಯ ಸಾಂದ್ರತೆಯು ಸುಮಾರು 6000 ಅಡಿ ಎತ್ತರದ ಗಾಳಿಯದಕ್ಕೆ ಸಮ. ಅಂಥ ಮಧ್ಯಾಹ್ನದಲ್ಲಿ ಓಟವು ದೀರ್ಘವಾಗುತ್ತದೆ, ಏರಿಕೆಯು ನಿಧಾನವಾಗುತ್ತದೆ.

ಸ್ಥಳದ ಗುಣವೆಂದರೆ ರನ್‌ವೇಯ ಸುತ್ತಣ ಹ್ಯಾಂಗರು, ಮರದ ಸಾಲು, ಕಟ್ಟಡ, ದಿಣ್ಣೆ. ಅಡ್ಡಗಾಳಿಯು ಇವನ್ನು ದಾಟಿಬರುವಾಗ ಹಿಂಬದಿಯಲ್ಲಿ ಸುಳಿಯಾಗಿ ಉರುಳುತ್ತದೆ. ಹ್ಯಾಂಗರಿನ ಮರೆಯಲ್ಲಿ ಒಂದು ಕ್ಷಣ ಗಾಳಿಯೇ ಇಲ್ಲದಂತಾಗಿ, ಮರೆ ಮುಗಿದೊಡನೆ ಪೂರ್ತಿ ಬಲದಿಂದ ಬಂದು ತಾಗುತ್ತದೆ. ನಗರವು ಬೆಳೆದು ಸುತ್ತುವರಿದಿರುವ ಜಕ್ಕೂರಿನಂಥ ನಿಲ್ದಾಣಗಳಲ್ಲಿ ಈ ವಿಷಯವನ್ನು ಅಲ್ಲಿಯೇ ನಿತ್ಯವೂ ಹಾರುವ ಹಿರಿಯರನ್ನು ಕೇಳಿ ತಿಳಿಯುವುದು ಉತ್ತಮ.

ನೆಲದ ಮೇಲೆ

ನೆಲದ ಮೇಲೆ ಟ್ಯಾಕ್ಸಿ ಮಾಡುವಾಗ ರೆಕ್ಕೆಗಳಿಗೆ ಹಾರಾಟವು ಇನ್ನೂ ಆರಂಭವಾಗಿಲ್ಲವೆಂದು ಚಾಲಕನು ಭಾವಿಸುವುದುಂಟು. ಗಾಳಿಯು ಹಾಗೆ ಭಾವಿಸುವುದಿಲ್ಲ. ಸೆಸ್ನಾದಂಥ ಹಗುರವಾದ, ರೆಕ್ಕೆ ಮೇಲಿರುವ ವಿಮಾನವನ್ನು ಹಿಂದಿನಿಂದ ಓರೆಯಾಗಿ ಬರುವ ಗಾಳಿಯು ಎತ್ತಿ ಮಗುಚಬಲ್ಲುದು. ನಿಯಮವು ಸರಳ. ಗಾಳಿಯು ಮುಂದಿನ ಎಡಬದಿಯಿಂದ ಬರುತ್ತಿದ್ದರೆ ಯೋಕನ್ನು ಎಡಕ್ಕೆ ತಿರುಗಿಸಿ, ಎಲಿವೇಟರನ್ನು ಸಮಸ್ಥಿತಿಯಲ್ಲಿಡಬೇಕು. ಹಿಂದಿನ ಎಡಬದಿಯಿಂದ ಬರುತ್ತಿದ್ದರೆ ಯೋಕನ್ನು ಬಲಕ್ಕೆ ತಿರುಗಿಸಿ ಮುಂದಕ್ಕೆ ಒತ್ತಿ ಹಿಡಿಯಬೇಕು. ಟ್ಯಾಕ್ಸಿವೇಯ ಪ್ರತಿ ತಿರುವಿನಲ್ಲಿಯೂ ಗಾಳಿಯ ಬದಿ ಬದಲಾಗುವುದರಿಂದ ಯೋಕಿನ ಸ್ಥಾನವೂ ಬದಲಾಗಬೇಕು. ಗಾಳಿಚೀಲವನ್ನು ನೋಡಿ, ಗಾಳಿ ಈಗ ಎಲ್ಲಿಂದ ಬರುತ್ತಿದೆಯೆಂದು ಬಾಯಿಬಿಟ್ಟು ಹೇಳುತ್ತಲೇ ಟ್ಯಾಕ್ಸಿ ಮಾಡುವುದು ಒಳ್ಳೆಯ ಅಭ್ಯಾಸ. ಹಾರಾಟ ಮುಗಿದ ಮೇಲೆ ಸಾಧ್ಯವಾದಷ್ಟು ಗಾಳಿಗೆ ಮುಖಮಾಡಿ ನಿಲ್ಲಿಸಿ, ಯೋಕಿಗೆ ಲಾಕು, ಚಕ್ರಕ್ಕೆ ಅಡೆ, ರೆಕ್ಕೆಗೂ ಬಾಲಕ್ಕೂ ಹಗ್ಗ, ಇಷ್ಟನ್ನೂ ಹಾಕಿದ ಮೇಲೆಯೇ ಅಲ್ಲಿಂದ ಕದಲಬೇಕು.

ಏರುವಾಗ

ರನ್‌ವೇಯ ನಡುಗೆರೆಯಲ್ಲಿ ನಿಂತು ಥ್ರಾಟಲ್ ಒತ್ತುವ ಮುನ್ನವೇ ಯೋಕನ್ನು ಗಾಳಿಯ ಕಡೆಗೆ ಪೂರ್ತಿಯಾಗಿ ತಿರುಗಿಸಿರಬೇಕು. ವೇಗವು ಕಡಮೆಯಿರುವಾಗ ಏಲೆರಾನಿಗೆ ಬಲವಿಲ್ಲವಾದುದರಿಂದ ಪೂರ್ತಿ ತಿರುವೇ ಬೇಕು. ವೇಗ ಹೆಚ್ಚಿದಂತೆ ಅದರ ಬಲವೂ ಹೆಚ್ಚುವುದರಿಂದ ತಿರುವನ್ನು ಕ್ರಮಕ್ರಮವಾಗಿ ಸಡಿಲಿಸಬೇಕು. ಬಾಲದ ನಿಂತ ರೆಕ್ಕೆಯ ಮೇಲೆ ಗಾಳಿ ಬೀಳುವುದರಿಂದ ವಿಮಾನದ ಮೂಗು ಗಾಳಿಯ ಕಡೆಗೆ ಹೊರಳಲು ಹವಣಿಸುತ್ತದೆ. ಅದನ್ನು ರಡ್ಡರ್ ಪೆಡಲಿನಿಂದ ತಡೆದು ನೇರವಾಗಿಡಬೇಕು. ಎಂಜಿನ್ನಿನ ಪೂರ್ಣಶಕ್ತಿಯು ವಿಮಾನವನ್ನು ಸಹಜವಾಗಿ ಎಡಕ್ಕೆ ಎಳೆಯುವುದರಿಂದ ಎಡಬದಿಯ ಗಾಳಿಯಿದ್ದಾಗ ಈ ಎರಡೂ ಎಳೆತಗಳು ಕೂಡಿಕೊಂಡು ಬಲಗಾಲಿನ ಕೆಲಸವು ಇಮ್ಮಡಿಯಾಗುತ್ತದೆ. ಬಲಬದಿಯ ಗಾಳಿಯಲ್ಲಿ ಒಂದನ್ನೊಂದು ತಕ್ಕಮಟ್ಟಿಗೆ ಕಳೆಯುತ್ತವೆ. ಅಭ್ಯಾಸಿಯು ಎರಡೂ ಬದಿಯ ಗಾಳಿಯಲ್ಲಿ ಏರಿ ಈ ವ್ಯತ್ಯಾಸವನ್ನು ಕಾಲಿನಿಂದಲೇ ಅರಿಯಬೇಕು.

ಸಾಮಾನ್ಯ ದಿನಕ್ಕಿಂತ ಕೆಲವು ನಾಟ್ ಹೆಚ್ಚಿನ ವೇಗವು ಬರುವ ತನಕ ಚಕ್ರವನ್ನು ನೆಲಕ್ಕೆ ಹತ್ತಿಸಿಟ್ಟು, ಅನಂತರ ನಿಶ್ಚಯದಿಂದ ಮೇಲೆತ್ತಬೇಕು. ಹೊಡೆತದ ಗಾಳಿಯು ವಿಮಾನವನ್ನು ಅಕಾಲದಲ್ಲಿ ಎತ್ತಿ ಮರುಕ್ಷಣ ಕೈಬಿಟ್ಟರೆ, ಅಷ್ಟರಲ್ಲಿ ಪಕ್ಕಕ್ಕೆ ಸರಿದಿರುವ ವಿಮಾನವು ಓರೆಯಾಗಿ ನೆಲಕ್ಕೆ ಬಿದ್ದು ಚಕ್ರದ ಕಾಲು ಮುರಿಯುವ ಸಂಭವವಿರುತ್ತದೆ. ನೆಲ ಬಿಟ್ಟೊಡನೆ ಮೂಗನ್ನು ಮೃದುವಾಗಿ ಗಾಳಿಯ ಕಡೆಗೆ ತಿರುಗಿಸಿ, ರೆಕ್ಕೆಗಳನ್ನು ಸಮಮಾಡಿ, ನಡುಗೆರೆಯ ನೇರಕ್ಕೇ ಏರಬೇಕು.

ಸರ್ಕಿಟ್‌ನಲ್ಲಿ

ರನ್‌ವೇಯ ಸುತ್ತ ಆಯತಾಕಾರವಾಗಿ ಹಾರುವ ಸರ್ಕಿಟ್‌ನಲ್ಲಿ ಗಾಳಿಯು ಪ್ರತಿ ಭುಜಕ್ಕೂ ಬೇರೆ ಮುಖವನ್ನು ತೋರಿಸುತ್ತದೆ. ಸಾವಿರ ಅಡಿ ಎತ್ತರದ ಗಾಳಿಯು ನೆಲದ ಗಾಳಿಗಿಂತ ವೇಗವಾದದ್ದು. ನೆಲದ ಘರ್ಷಣೆಯಿಂದ ದೂರವಾಗಿರುವುದರಿಂದ ಅದರ ದಿಕ್ಕೂ ನಮ್ಮ ಗೋಲಾರ್ಧದಲ್ಲಿ ಸಾಮಾನ್ಯವಾಗಿ ಬಲಕ್ಕೆ ಸರಿದಿರುತ್ತದೆ. ಡೌನ್‌ವಿಂಡ್ ಭುಜದಲ್ಲಿ 90 ನಾಟ್‌ನಲ್ಲಿ ಹಾರುವ ವಿಮಾನವನ್ನು 20 ನಾಟ್ ಹಿಂಗಾಳಿಯು ನೆಲದ ಮೇಲೆ 110 ನಾಟ್ ವೇಗದಿಂದ ಸಾಗಿಸುತ್ತದೆ. ನೆಲವು ಹಾಗೆ ಓಡಿಹೋಗುವುದನ್ನು ಕಂಡು, ವೇಗ ಹೆಚ್ಚಾಯಿತೆಂದು ಥ್ರಾಟಲನ್ನು ಎಳೆಯುವುದು ಮಾರಕವಾದ ಭ್ರಮೆ. ರೆಕ್ಕೆಗೆ ಬೇಕಾದದ್ದು ಗಾಳಿಯಲ್ಲಿನ ವೇಗ, ಅದನ್ನು ತೋರಿಸುವುದು ಏರ್‌ಸ್ಪೀಡ್ ಮಾಪಕ. ಬಲವಾದ ಗಾಳಿಯಿರುವ ದಿನ ಬೇಸ್ ಭುಜಕ್ಕೆ ತಿರುಗುವುದನ್ನು ವಾಡಿಕೆಗಿಂತ ಮುಂಚೆಯೇ ಮಾಡಬೇಕು. ಇಲ್ಲವಾದರೆ ಫೈನಲ್‌ನಲ್ಲಿ ಎದುರುಗಾಳಿಯು ವಿಮಾನವನ್ನು ರನ್‌ವೇಗೆ ಮುಟ್ಟಗೊಡುವುದಿಲ್ಲ.

ಸರ್ಕಿಟ್‌ನ ಅತ್ಯಂತ ಅಪಾಯಕರವಾದ ಎಡೆಯೆಂದರೆ ಬೇಸ್‌ನಿಂದ ಫೈನಲ್‌ಗೆ ತಿರುಗುವ ಮೂಲೆ. ಬೇಸ್‌ನಲ್ಲಿ ಗಾಳಿಯು ಹಿಂದಿನಿಂದ ತಳ್ಳುತ್ತಿದ್ದರೆ ವಿಮಾನವು ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗುತ್ತದೆ. ಆಗ ಬ್ಯಾಂಕನ್ನು ಹೆಚ್ಚಿಸಲು ಹೆದರಿ, ಒಳಬದಿಯ ರಡ್ಡರನ್ನು ತುಳಿದು ಮೂಗನ್ನು ಎಳೆದು ತರುವ ಆಸೆ ಹುಟ್ಟುತ್ತದೆ. ಜೊತೆಗೆ ಯೋಕನ್ನೂ ಹಿಂದಕ್ಕೆ ಎಳೆದರೆ ಒಳರೆಕ್ಕೆಯು ಸ್ಟಾಲ್ ಆಗಿ ವಿಮಾನವು ಸ್ಪಿನ್ನಿಗೆ ಬೀಳುತ್ತದೆ. ಕೆಲವೇ ನೂರು ಅಡಿ ಎತ್ತರದಲ್ಲಿ ಅದಕ್ಕೆ ಪರಿಹಾರವಿಲ್ಲ. ಬ್ಯಾಂಕ್ 30 ಡಿಗ್ರಿಯನ್ನು ಮೀರಬಾರದು. ಅಷ್ಟರಲ್ಲಿ ನೇರವು ಸಿಗದಿದ್ದರೆ ಥ್ರಾಟಲ್ ಕೊಟ್ಟು ಮೇಲೇರಿ ಮತ್ತೊಂದು ಸುತ್ತು ಬರಬೇಕು.

ಇಳಿಯುವಾಗ

ಫೈನಲ್‌ನ ವೇಗವನ್ನು ಮೊದಲು ನಿರ್ಧರಿಸಬೇಕು. ಸಾಮಾನ್ಯ ಗಾಳಿಗೂ ಹೊಡೆತಕ್ಕೂ ಇರುವ ಅಂತರದ ಅರ್ಧವನ್ನು ವಾಡಿಕೆಯ ವೇಗಕ್ಕೆ ಕೂಡಿಸುವುದು ಪ್ರಚಲಿತವಾದ ಕ್ರಮ: ಗಾಳಿ 16, ಹೊಡೆತ 26 ಎಂದಾದರೆ ಅಂತರ 10, 65 ನಾಟ್‌ಗೆ 5 ಕೂಡಿಸಿ 70. ನೆಲಕ್ಕೆ ಸಮೀಪವಾದಂತೆ ಗಾಳಿಯ ವೇಗ ತಟ್ಟನೆ ತಗ್ಗಿ ಏರ್‌ಸ್ಪೀಡ್ ಕುಸಿಯುವುದರಿಂದ ಈ ಮೀಸಲು ಅವಶ್ಯ. ಭಯದಿಂದ ಇನ್ನೂ ಹದಿನೈದಿಪ್ಪತ್ತು ನಾಟ್ ಸೇರಿಸುವುದಾದರೋ ರನ್‌ವೇಯನ್ನು ಪೋಲುಮಾಡಿದಂತೆ. ವಿಮಾನವು ನೆಲದ ಸಮೀಪದಲ್ಲಿ ತೇಲುತ್ತ, ಅಡ್ಡಗಾಳಿಗೆ ಮತ್ತಷ್ಟು ಹೊತ್ತು ಮೈಯೊಡ್ಡುತ್ತದೆ. ಬಲವಾದ ಅಡ್ಡಗಾಳಿಯಲ್ಲಿ, ರನ್‌ವೇಯ ಉದ್ದಕ್ಕೆ ಎಷ್ಟು ಬೇಕೋ ಅಷ್ಟೇ ಕನಿಷ್ಠ ಫ್ಲಾಪನ್ನು ಬಳಸಬೇಕೆಂಬುದು ಸೆಸ್ನಾ ಕೈಪಿಡಿಯ ಸಲಹೆ.

ಎದುರುಗಾಳಿಯ ಉಪಕಾರವನ್ನು ಇಲ್ಲಿಯೇ ಹೇಳಿಬಿಡಬಹುದು. 65 ನಾಟ್‌ನಲ್ಲಿ ಇಳಿಯುವ ವಿಮಾನಕ್ಕೆ 15 ನಾಟ್ ಎದುರುಗಾಳಿಯಿದ್ದರೆ ನೆಲದ ಮೇಲಿನ ವೇಗ 50 ನಾಟ್. ಬ್ರೇಕು ಹೀರಬೇಕಾದ ಚಲನಶಕ್ತಿಯು ಗಾಳಿಯಿಲ್ಲದ ದಿನದ್ದರ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಅದೇ ವಿಮಾನವನ್ನು 10 ನಾಟ್ ಹಿಂಗಾಳಿಯಲ್ಲಿ ಇಳಿಸಿದರೆ ಆ ಶಕ್ತಿಯು ಮೂರನೆಯ ಒಂದು ಪಾಲು ಹೆಚ್ಚುತ್ತದೆ.

ಫೈನಲ್‌ನಲ್ಲಿ ಅಡ್ಡಗಾಳಿಯನ್ನು ಎದುರಿಸಲು ಎರಡು ವಿಧಾನಗಳಿವೆ. ಮೊದಲನೆಯದು ಕ್ರ್ಯಾಬ್: ತುಂಬಿದ ಹೊಳೆಯನ್ನು ದಾಟುವ ಅಂಬಿಗನು ಹರಿಗೋಲನ್ನು ಎದುರುದಡದ ಗುರಿಗಿಂತ ಮೇಲಕ್ಕೆ ತಿರುಗಿಸಿ ಹುಟ್ಟುಹಾಕುವಂತೆ, ರೆಕ್ಕೆಗಳನ್ನು ಸಮವಾಗಿಟ್ಟು ಮೂಗನ್ನು ಗಾಳಿಯ ಕಡೆಗೆ ತಿರುಗಿಸಿ ಬರುವುದು. 65 ನಾಟ್ ವೇಗಕ್ಕೆ 15 ನಾಟ್ ನೇರ ಅಡ್ಡಗಾಳಿಯಾದರೆ ಈ ಓರೆ 13 ಡಿಗ್ರಿಯಷ್ಟಾಗುತ್ತದೆ. ಇದು ಸುಖಕರವಾದರೂ, ಓರೆಯಾಗಿಯೇ ನೆಲ ಮುಟ್ಟಿದರೆ ಚಕ್ರಗಳಿಗೆ ಪೆಟ್ಟು. ಆದುದರಿಂದ ಮುಟ್ಟುವ ಕ್ಷಣದಲ್ಲಿ ರಡ್ಡರಿನಿಂದ ನೇರಮಾಡಬೇಕು, ಅದಕ್ಕೆ ಕಾಲದ ನಿಖರವಾದ ಪ್ರಜ್ಞೆ ಬೇಕು. ಎರಡನೆಯದು ಸೈಡ್‌ಸ್ಲಿಪ್: ಗಾಳಿಯ ಬದಿಯ ರೆಕ್ಕೆಯನ್ನು ತಗ್ಗಿಸಿ, ಎದುರುಬದಿಯ ರಡ್ಡರಿನಿಂದ ಮೂಗನ್ನು ರನ್‌ವೇಯ ನೇರಕ್ಕೆ ಹಿಡಿಯುವುದು. ವಿಮಾನವು ಗಾಳಿಯೊಳಕ್ಕೆ ಜಾರುತ್ತಿರುತ್ತದೆ, ಗಾಳಿಯು ಅದನ್ನು ಅಷ್ಟೇ ಹೊರಕ್ಕೆ ತಳ್ಳುತ್ತಿರುತ್ತದೆ. ಎರಡೂ ಸಮವಾದಾಗ ನಡುಗೆರೆಯು ಕಣ್ಣಮುಂದೆ ನಿಶ್ಚಲವಾಗಿ ನಿಲ್ಲುತ್ತದೆ. ದೂರದಲ್ಲಿ ಕ್ರ್ಯಾಬ್ ಮಾಡಿಕೊಂಡು ಬಂದು, ಇನ್ನೂರು ಮುನ್ನೂರು ಅಡಿ ಎತ್ತರದಲ್ಲಿ ಸೈಡ್‌ಸ್ಲಿಪ್ಪಿಗೆ ಬದಲಾಯಿಸುವುದು ಹೊಸ ಅಭ್ಯಾಸಿಗೆ ಹಿತವಾದ ಮಾರ್ಗ.

ಕೊನೆಯ ಕೆಲವು ಸೆಕೆಂಡುಗಳನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಗಾಳಿ ಎಡದಿಂದ ಬರುತ್ತಿದೆ. ಎಡರೆಕ್ಕೆ ತಗ್ಗಿದೆ, ಬಲಪಾದವು ಪೆಡಲನ್ನು ಒತ್ತಿದೆ. ಇಲ್ಲಿ ಕೈಗೂ ಕಾಲಿಗೂ ಕೆಲಸವು ಬೇರೆ ಬೇರೆ: ವಿಮಾನವು ಪಕ್ಕಕ್ಕೆ ಸರಿದರೆ ಯೋಕು, ಮೂಗು ಓರೆಯಾದರೆ ರಡ್ಡರ್. ಹತ್ತು ಅಡಿ ಎತ್ತರದಲ್ಲಿ ಥ್ರಾಟಲನ್ನು ಮೆಲ್ಲನೆ ಎಳೆಯುತ್ತ ಯೋಕನ್ನು ಹಿಂದಕ್ಕೆ ತರುತ್ತಿರುವಂತೆ ವೇಗ ಇಳಿಯುತ್ತದೆ. ವೇಗ ಇಳಿದಂತೆ ಏಲೆರಾನೂ ರಡ್ಡರೂ ಬಲಗುಂದುವುದರಿಂದ, ಅದೇ ಗಾಳಿಯನ್ನು ತಡೆಯಲು ಎರಡನ್ನೂ ಕ್ಷಣಕ್ಷಣಕ್ಕೂ ಹೆಚ್ಚುಹೆಚ್ಚಾಗಿ ಕೊಡಬೇಕಾಗುತ್ತದೆ. ನೆಲ ಸಮೀಪಿಸಿತೆಂದು ರೆಕ್ಕೆಗಳನ್ನು ಸಮಮಾಡಿಬಿಡುವ ಪ್ರವೃತ್ತಿಯು ಇಲ್ಲಿಯೇ ತಲೆಯೆತ್ತುವುದು. ಹಾಗೆ ಮಾಡಿದೊಡನೆ ವಿಮಾನವು ಬಲಕ್ಕೆ ಸರಿಯತೊಡಗುತ್ತದೆ. ಮೊದಲು ಎಡಚಕ್ರವೊಂದೇ ನೆಲವನ್ನು ಮುಟ್ಟಬೇಕು. ಒಂದೇ ಚಕ್ರದ ಮೇಲೆ ಓಡುವುದು ಅಪಚಾರವಲ್ಲ, ಅದೇ ಕ್ರಮ. ಅನಂತರ ಬಲಚಕ್ರ, ಕೊನೆಗೆ ಮೂಗಿನ ಚಕ್ರ. ಅನೇಕ ವಿಮಾನಗಳಲ್ಲಿ ಮೂಗಿನ ಚಕ್ರವು ರಡ್ಡರ್ ಪೆಡಲಿಗೆ ಜೋಡಿಸಿರುವುದರಿಂದ, ಅದು ನೆಲ ಮುಟ್ಟುವ ಮುನ್ನ ಪಾದವನ್ನು ಸಡಿಲಿಸಿ ಪೆಡಲನ್ನು ಸಮಮಾಡಬೇಕು. ಇಲ್ಲವಾದರೆ ವಿಮಾನವು ಥಟ್ಟನೆ ಬಲಕ್ಕೆ ಹಾಯುತ್ತದೆ. ಚಕ್ರಗಳು ಮುಟ್ಟಿದ ಮೇಲೆಯೂ ಯೋಕು ಎಡಕ್ಕೇ, ವೇಗ ತಗ್ಗಿದಂತೆ ಪೂರ್ತಿ ಎಡಕ್ಕೆ. ಇಳಿದಾಯಿತೆಂಬ ನೆಮ್ಮದಿಯಲ್ಲಿ ಕೈಯನ್ನು ಸಡಿಲಬಿಡುವವರಿಗೆ ಗಾಳಿಯು ರೆಕ್ಕೆಯನ್ನು ಎತ್ತಿ ಪಾಠ ಹೇಳುತ್ತದೆ.

ಸೈಡ್‌ಸ್ಲಿಪ್‌ನಲ್ಲಿ ಒಂದು ನಂಬಿಕೆಯ ಪರೀಕ್ಷೆಯೂ ಅಡಕವಾಗಿದೆ. ಪೆಡಲನ್ನು ಪೂರ್ತಿ ತುಳಿದರೂ ಮೂಗನ್ನು ರನ್‌ವೇಯ ನೇರಕ್ಕೆ ಹಿಡಿಯಲಾಗದಿದ್ದರೆ, ಆ ಗಾಳಿಯು ಆ ವಿಮಾನದ ಶಕ್ತಿಯನ್ನು ಮೀರಿದೆಯೆಂದು ತಿಳಿದು, ಬೇರೆ ರನ್‌ವೇಯನ್ನೋ ಬೇರೆ ನಿಲ್ದಾಣವನ್ನೋ ಆಶ್ರಯಿಸಬೇಕು. ಗಾಳಿಯ ದಿನ ಅಷ್ಟಕ್ಕೆ ಸಾಲುವ ಇಂಧನವನ್ನು ತುಂಬಿಕೊಂಡೇ ಹೊರಡಬೇಕೆಂಬುದು ಇದರಿಂದ ಸಿದ್ಧ.

ಮತ್ತೊಂದು ಸುತ್ತು

ನಡುಗೆರೆಯ ಮೇಲೆ ನಿಲ್ಲಲಾಗದಿದ್ದರೆ, ವೇಗವು ಹತ್ತು ನಾಟ್ ಅತ್ತಿತ್ತ ಕುಣಿಯುತ್ತಿದ್ದರೆ, ನೆಲ ಮುಟ್ಟಿ ಪುಟಿದರೆ, ಗೋ-ಅರೌಂಡ್. ಥ್ರಾಟಲ್ ಪೂರ್ತಿ, ಕಾರ್ಬ್ಯುರೇಟರ್ ಇರುವ ಎಂಜಿನ್ನಾದರೆ ಅದರ ಹೀಟ್ ಬಂದ್, ಬಲಪಾದದ ಒತ್ತು, ಮೂಗನ್ನು ದಿಗಂತಕ್ಕೆ ಹಿಡಿದು ವೇಗ ಕೂಡಿದ ಮೇಲೆ ಫ್ಲಾಪನ್ನು ಹಂತಹಂತವಾಗಿ ಒಳಕ್ಕೆ. ಫ್ಲಾಪನ್ನು ಒಮ್ಮೆಲೇ ತೆಗೆದರೆ ವಿಮಾನವು ಕುಸಿಯುತ್ತದೆ. ಇದನ್ನು ಸೋಲೆಂದು ಬಗೆಯುವ ಮನೋಭಾವವು ಹೊಸಬರಲ್ಲಿ ಸಹಜ; ಆದರೆ ಗಾಳಿಯ ದಿನದ ಪ್ರತಿಯೊಂದು ಫೈನಲನ್ನೂ ಗೋ-ಅರೌಂಡಿನಲ್ಲಿ ಮುಗಿಯುವುದೆಂದೇ ಭಾವಿಸಿ ಬಂದು, ಎಲ್ಲವೂ ಸರಿಯಾಗಿದ್ದರಷ್ಟೇ ಇಳಿಯುವುದು ಅನುಭವಿಗಳ ರೀತಿ.

ಅಭ್ಯಾಸದ ಕ್ರಮ

ಮೊದಲ ಪಾಠಗಳು ಶಿಕ್ಷಕರ ಜೊತೆಯಲ್ಲಿಯೇ ನಡೆಯಬೇಕು. ಸರ್ಕಿಟ್‌ಗೆ ಮುನ್ನ ಮೂರು ನಾಲ್ಕು ಸಾವಿರ ಅಡಿ ಎತ್ತರದಲ್ಲಿ, ನೇರವಾದ ರಸ್ತೆಯನ್ನೋ ರೈಲುಹಾದಿಯನ್ನೋ ಕಣ್ಣಿಗೆ ಗುರುತಾಗಿಟ್ಟುಕೊಂಡು ಎಡಕ್ಕೂ ಬಲಕ್ಕೂ ಸೈಡ್‌ಸ್ಲಿಪ್ ಮಾಡಿ ಕೈಕಾಲುಗಳಿಗೆ ಆ ವಿರುದ್ಧಚಲನೆಯನ್ನು ರೂಢಿಮಾಡಿಸಬೇಕು. ಅನಂತರ ಉದ್ದವಾದ ರನ್‌ವೇಯಿರುವ ನಿಲ್ದಾಣದಲ್ಲಿ, ಟವರಿನ ಅನುಮತಿ ಪಡೆದು, ನೆಲ ಮುಟ್ಟದೆ ಕೆಲವು ಅಡಿ ಎತ್ತರದಲ್ಲಿ ನಡುಗೆರೆಯ ಮೇಲೆಯೇ ರನ್‌ವೇಯುದ್ದಕ್ಕೂ ಸಾಗಿ ಗೋ-ಅರೌಂಡ್ ಮಾಡುವ ಪಾಠ. ಇಳಿಯುವಾಗ ಎರಡು ಮೂರು ಸೆಕೆಂಡು ಮಾತ್ರ ದೊರೆಯುವ ಅನುಭವವು ಇಲ್ಲಿ ಅರ್ಧ ನಿಮಿಷ ದೊರೆಯುತ್ತದೆ. ಆಮೇಲೆ ಪೂರ್ತಿಯಾಗಿ ನಿಲ್ಲಿಸುವ ಇಳಿತಗಳು. ಮುಟ್ಟಿ ಹಾರುವ ಟಚ್ ಅಂಡ್ ಗೋದಲ್ಲಿ ಗಂಟೆಗೆ ಹೆಚ್ಚು ಇಳಿತಗಳಾಗುವುದು ನಿಜವಾದರೂ, ಅಡ್ಡಗಾಳಿಯ ಪಾಠದ ಮುಖ್ಯಭಾಗವಾದ ನೆಲದೋಟವನ್ನು ಅದು ನುಂಗಿಬಿಡುತ್ತದೆ. ಆಯಾಸವಾದಂತೆ ಕಾಲು ಸೋಮಾರಿಯಾಗುವುದರಿಂದ ಒಂದು ಗಂಟೆಯನ್ನು ಮೀರದಿರುವುದು ಲೇಸು; ಹಿಂದಿನ ಇಳಿತಕ್ಕಿಂತ ಮುಂದಿನದು ಕೆಡುತ್ತ ಬಂದರೆ ಅಂದಿಗೆ ಸಾಕುಮಾಡಬೇಕು.

ಇಲ್ಲಿ ಹೇಳಿರುವ ವೇಗಗಳು ಸೆಸ್ನಾ ಜಾತಿಯ ವಿಮಾನಗಳಿಗೆ ಹೊಂದುವಂಥವು. ತಮ್ಮ ವಿಮಾನದ ಕೈಪಿಡಿಯೂ ತಮ್ಮ ಶಿಕ್ಷಕರ ಮಾತೂ ಇದಕ್ಕಿಂತ ಮೇಲಿನ ಪ್ರಮಾಣ. ಗಾಳಿ ಮಿತಿಮೀರಿದ ದಿನ ಹಾರದೆ ಉಳಿಯುವುದಕ್ಕೆ ಯಾರೂ ನಾಚಬೇಕಾಗಿಲ್ಲ. ಆದರೆ ಮಿತಿಯೊಳಗಿನ ಗಾಳಿಯನ್ನೂ ತಪ್ಪಿಸಿಕೊಳ್ಳುತ್ತ ಹೋಗುವವನ ಮಿತಿಯು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆಯೇ ಹೊರತು ಬೆಳೆಯುವುದಿಲ್ಲ. ಪರವಾನಗಿ ಪಡೆದ ಓದುಗರು ಮುಂದಿನ ಸಲ ಗಾಳಿಚೀಲವು ಅರ್ಧಕ್ಕೆ ಎದ್ದು ನಿಂತಿರುವುದನ್ನು ಕಂಡಾಗ, ಮನೆಗೆ ಹಿಂತಿರುಗುವ ಮುನ್ನ ಶಿಕ್ಷಕರೊಬ್ಬರನ್ನು ಕಂಡು ಒಂದು ಗಂಟೆಯ ಪಾಠವನ್ನು ಕೇಳಿ ಪಡೆಯಲಿ; ಆ ಗಂಟೆಯ ಬಾಡಿಗೆಯಷ್ಟು ಸಾರ್ಥಕವಾದ ವೆಚ್ಚವು ಹವ್ಯಾಸಿ ವೈಮಾನಿಕನಿಗೆ ಬೇರೊಂದಿಲ್ಲ.